ಮಗಳಿಗೆ ಡೇಕೇರ್ ಹುಡುಕಿದ್ದು, ಮಂಗಳೂರಿನ ಕಾವೂರು ಬೊಂದೇಲ್ ಸುತ್ತಮುತ್ತ

ಕಳೆದ ವರ್ಷ, ಅಂದ್ರೆ 2025ರ ಮಾರ್ಚಿನಲ್ಲಿ ನಾವು ಮಗಳಿಗೆ ಡೇಕೇರ್ ಹುಡುಕ್ಲಿಕ್ಕೆ ಶುರು ಮಾಡಿದ್ದು. ಅವಳು ಹುಟ್ಟಿದ್ದು 2023ರ ಜುಲೈಯಲ್ಲಿ, ಎರಡು ವರ್ಷ ಇನ್ನೂ ತುಂಬಿರ್ಲಿಲ್ಲ. ಅಲ್ಲಿವರೆಗೆ ನನ್ನ ಅಮ್ಮ ನಮ್ಮೊಟ್ಟಿಗೇ ಇದ್ದು ನೋಡಿಕೊಳ್ತಿದ್ದರು, ಅವರಿಗೆ ಮೊಣಗಂಟಿನ ಆಪರೇಷನ್ ಮಾಡಿಸ್ಲೇಬೇಕು ಅಂತ ಡಾಕ್ಟರ್ ಹೇಳಿದ ಮೇಲೆ ಮಗುವಿನ ಹಿಂದೆ ಓಡುದು ಹೇಗೆ, ಅತ್ತೆ ಇರುದು ಕಾರ್ಕಳದಲ್ಲಿ, ಮಾವನಿಗೆ ಆರೋಗ್ಯ ಸರಿ ಇಲ್ಲದ ಕಾರಣ ಅವರನ್ನು ಬಿಟ್ಟು ಬರುವ ಹಾಗಿಲ್ಲ. ಕೆಲಸ ಬಿಡುವ ಮಾತು ಸಹ ಮನೆಯಲ್ಲಿ ಬಂತು. ನಾನು ಆಗುದಿಲ್ಲ ಅಂದೆ. ಹೋಮ್ ಲೋನ್ ಉಂಟು, ಅದಕ್ಕಿಂತ ಮುಖ್ಯ ನನಗೆ ನನ್ನ ಕೆಲಸ ಇಷ್ಟ.

ಹೆರಿಗೆ ರಜೆ 2017ರ ತಿದ್ದುಪಡಿ ಆದಮೇಲೆ 26 ವಾರ ಸಿಗ್ತದೆ, ಮೊದಲು 12 ವಾರ ಇದ್ದದ್ದು. ಅದೇ ತಿದ್ದುಪಡಿಯಲ್ಲಿ 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸಕ್ಕಿರುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ ಇರ್ಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಹೋಗಿ ನೋಡಿ ಬರ್ಲಿಕ್ಕೆ ಬಿಡ್ಬೇಕು ಅಂತ ಉಂಟು. ನಮ್ಮ ಆಫೀಸಿನಲ್ಲಿ ಅಷ್ಟು ಜನ ಇಲ್ಲ. ಮಂಗಳೂರಿನಲ್ಲಿ ನನ್ನ ಹಾಗೆ ಸಣ್ಣ ಸಣ್ಣ ಆಫೀಸು, ಕ್ಲಿನಿಕ್, ಅಂಗಡಿ, ಫೈನಾನ್ಸ್‌ಗಳಲ್ಲಿ ದುಡಿಯುವ ಹೆಂಗಸರೇ ಜಾಸ್ತಿ ಅಲ್ವಾ, ಅವರೆಲ್ಲರಿಗೂ ಈ ಕಾನೂನು ಪೇಪರಿನಲ್ಲಿ ಓದ್ಲಿಕ್ಕೆ ಮಾತ್ರ. ಅಂಗನವಾಡಿ ನಮ್ಮ ಮನೆ ಹತ್ರವೇ ಉಂಟು, ಟೀಚರ್ ಭಾರಿ ಒಳ್ಳೆಯವರು, ಮಗಳಿಗೆ ತೂಕ ನೋಡಿಸ್ಲಿಕ್ಕೆ ಅಲ್ಲಿಗೇ ಹೋಗ್ತಿದ್ದದ್ದು, ಆದ್ರೆ ಅಲ್ಲಿ ಕೂರಿಸಿಕೊಳ್ಳುದು ಮೂರು ವರ್ಷ ಆದ ಮೇಲೆ, ಅದಕ್ಕಿಂತ ಸಣ್ಣವರಿಗೆ ಮನೆಗೆ ಆಹಾರ ಕೊಡ್ತಾರೆ ಅಷ್ಟೆ. ಗ್ರಾಮ ಪಂಚಾಯತ್‌ಗಳಲ್ಲಿ ಈಗ ಕೂಸಿನ ಮನೆ ಅಂತ ಮಾಡಿದ್ದಾರೆ, ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ 6 ತಿಂಗಳಿಂದ 3 ವರ್ಷದ ಮಕ್ಕಳಿಗೆ. ಒಳ್ಳೆಯ ಯೋಜನೆ, ಪೇಟೆಯಲ್ಲಿ ಕೂಡ ಅಂಥದ್ದೊಂದು ಬೇಕಿತ್ತು ಅಂತ ನಾನು ಎಷ್ಟೋ ಸಲ ಹೇಳಿದ್ದುಂಟು. ಕಾವೂರು ಮಹಾನಗರ ಪಾಲಿಕೆಯೊಳಗೆ ಬರ್ತದೆ, ಇಲ್ಲಿ ಪ್ರೈವೇಟ್ ಬಿಟ್ರೆ ಬೇರೆ ದಾರಿ ಇಲ್ಲ.

ಮೊದಲ ತಲೆಬಿಸಿ ರೂಟಿನದ್ದು. ನಮ್ಮ ಮನೆ ಕಾವೂರು, ನನ್ನ ಆಫೀಸು ಬಿಜೈ, ಇವರ, ಅಂದ್ರೆ ನನ್ನ ಗಂಡನ ಕೆಲಸ ಬೈಕಂಪಾಡಿಯಲ್ಲಿ, ಒಬ್ಬರು ಆ ಕಡೆ ಒಬ್ಬರು ಈ ಕಡೆ. ಇವರು ಬೆಳಿಗ್ಗೆ ಕೂಳೂರಿಗೆ ಇಳಿದು ಸೇತುವೆ ದಾಟಿ ಹೋಗ್ಬೇಕು, ಸಂಜೆ ಅದೇ ಕೂಳೂರು ಸೇತುವೆಯಲ್ಲಿ ಬ್ಲಾಕ್ ಆದ್ರೆ ಎಷ್ಟು ಹೊತ್ತಿಗೆ ಬರ್ತಾರೆ ಅಂತ ದೇವರಿಗೇ ಗೊತ್ತು. ಹಾಗಾಗಿ ಕರ್ಕೊಂಡು ಬರುದು ನಾನೇ ಅಂತ ಮೊದಲೇ ತೀರ್ಮಾನ ಮಾಡಿದೆವು, ಅಲ್ಲಿಗೆ ಕೂಳೂರು ಪಂಜಿಮೊಗರು ಕಡೆಯದ್ದೆಲ್ಲ ಲಿಸ್ಟಿನಿಂದ ಹೋಯ್ತು. ಉಳಿದದ್ದು ಕಾವೂರು, ಬೊಂದೇಲ್, ಪದವಿನಂಗಡಿ, ಯೆಯ್ಯಾಡಿ, ಆಚೆ ದೇರೆಬೈಲ್ ಕೊಂಚಾಡಿ. ಮಗುವಿಗೆ ಜ್ವರ ಬಂತು ಅಂತ ಫೋನ್ ಬಂದ್ರೆ ನಾನು ಸ್ಕೂಟಿಯಲ್ಲಿ ಬೇಗ ಮುಟ್ಟುವ ಜಾಗ ಆಗ್ಬೇಕು, ಇದು ನನ್ನ ಮೊದಲ ಶರತ್ತು.

ಏರ್‌ಪೋರ್ಟ್ ರೋಡಿನ ಒಂದು ದೊಡ್ಡ ಪ್ಲೇಸ್ಕೂಲಿಗೆ ಮೊದಲು ಹೋದೆವು. ಗೋಡೆ ತುಂಬ ಬಣ್ಣ, ಜಾರುಬಂಡಿ, ಬಾಲ್ ತುಂಬಿಸಿದ ತೊಟ್ಟಿ, ಏಸಿ, ಎಲ್ಲ ಉಂಟು. ಕೌಂಟರಿನಲ್ಲಿದ್ದ ಮೇಡಂ ದಪ್ಪದ ಫೈಲ್ ತೆಗೆದು ಕರಿಕ್ಯುಲಮ್ ತೋರಿಸಿದರು, ಎರಡು ವರ್ಷದ ಮಗು ಯಾವ ತಿಂಗಳಲ್ಲಿ ಯಾವ ಬಣ್ಣ ಕಲೀಬೇಕು ಅಂತ ಚಾರ್ಟ್ ಬೇರೆ. ನಾನು ಮಕ್ಕಳು ಮಲಗುವ ರೂಮು ನೋಡಬಹುದಾ ಅಂತ ಕೇಳಿದೆ. ಪೇರೆಂಟ್ಸನ್ನು ಒಳಗೆ ಬಿಡುದಿಲ್ಲ ಮೇಡಂ, ಹೈಜೀನ್ ಪ್ರಾಬ್ಲಮ್ ಅಂದರು. ಫೋನಿನಲ್ಲಿ ಸಿಸಿಟಿವಿ ನೋಡಬಹುದಂತೆ, ಆ ಕ್ಯಾಮರಾ ಇದ್ದದ್ದು ಆಡುವ ಹಾಲಿನಲ್ಲಿ ಮಾತ್ರ. ಮಗುವಿಗೆ ತೊಂದರೆ ಆಗುದಾದ್ರೆ ಬಾತ್‌ರೂಮಿನ ಬಾಗಿಲ ಹತ್ರ, ಊಟದ ಜಾಗದಲ್ಲಿ, ಮಲಗಿಸುವಾಗ, ಹಾಲಿನಲ್ಲಿ ಎಲ್ಲರೆದುರು ಎಂತ ಆಗ್ತದೆ? ಇವರಿಗೆ ಆ ಜಾಗ ಇಷ್ಟ ಆಗಿತ್ತು, ನನಗೆ ಆಗ್ಲಿಲ್ಲ, ಮನೆಗೆ ಬಂದು ಸಣ್ಣ ಜಗಳ ಕೂಡ ಆಯ್ತು.

ಇನ್ನೊಂದು ಮನೆಯಲ್ಲೇ ನಡೆಸುವಂಥದ್ದು, ಒಬ್ಬರೇ ಆಂಟಿ, ಮಾತು ಪ್ರೀತಿಯದ್ದು, ಫೀಸೂ ಕಡಿಮೆ. ನಾವು ಕೂತಷ್ಟು ಹೊತ್ತು ಟಿವಿ ಓಡ್ತಾ ಇತ್ತು, ಮಕ್ಕಳು ಅಲ್ಲಾಡದೆ ನೋಡ್ತಿದ್ದರು. ಅಂಗಳದಲ್ಲಿ ಬಾವಿ, ಕಟ್ಟೆ ಇದೆ, ಮೇಲೆ ಗ್ರಿಲ್ ಇಲ್ಲ. ನಮ್ಮ ಕಡೆ ಹಳೇ ಮನೆಗಳನ್ನು ಪ್ಲೇಹೋಮ್ ಮಾಡುವಾಗ ಬಾವಿ ಇದ್ದೇ ಇರ್ತದೆ, ಆದ್ದರಿಂದ ಗೇಟಿನ ಚಿಲಕ ಮತ್ತು ಬಾವಿಯ ಗ್ರಿಲ್ ಇವೆರಡನ್ನು ನೋಡದೆ ಒಳಗೆ ಕಾಲಿಡ್ಲೇಬಾರದು. ಸಿಸ್ಟರ್‌ಗಳು ನಡೆಸುವ ಒಂದು ಕಡೆ ಎಲ್ಲ ಅಚ್ಚುಕಟ್ಟು, ಮನಸ್ಸಿಗೆ ಹಿಡಿಸಿತು, ಆದ್ರೆ ಎರಡೂವರೆ ವರ್ಷ ಆಗ್ಬೇಕು ಮತ್ತು ಮೂರೂವರೆಗೆ ಬಂದ್. ಮೂರೂವರೆಗೆ ನಾನು ಆಫೀಸಿನಿಂದ ಹೇಗೆ ಏಳುದು ಮಾರಾಯ್ರೆ.

ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿ ಒಬ್ಬರು ಆಂಟಿ ಇದ್ದಾರೆ, ನರ್ಸ್ ಆಗಿದ್ದು ರಿಟೈರ್ ಆದವರು. ನಾನು ಬೇಜಾರಿನಲ್ಲಿ ಇದನ್ನೆಲ್ಲ ಹೇಳುವಾಗ ಅವರು, ನೀನು ಹತ್ತು ಗಂಟೆಗೆ ಅಪಾಯಿಂಟ್‌ಮೆಂಟ್ ತಕೊಂಡು ಹೋದ್ರೆ ಎಂತ ಕಾಣ್ತದೆ ಮಗಾ, ಮಧ್ಯಾಹ್ನ ಊಟದ ಹೊತ್ತಿಗೆ ಹೋಗು, ಆಯಾಗಳನ್ನು ನೋಡು, ಬಿಲ್ಡಿಂಗ್ ಎಂತ ನೋಡುದು ಅಂದರು. ಈ ಇಡೀ ಹುಡುಕಾಟದಲ್ಲಿ ನನಗೆ ಸಿಕ್ಕಿದ ಅತಿ ದೊಡ್ಡ ಉಪಕಾರ ಈ ಒಂದು ಮಾತು. ಯೋಚನೆ ಮಾಡಿ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ನನ್ನ ಮಗಳ ಮೂಗು ಒರೆಸುದು ಯಾರು, ಚಡ್ಡಿ ಬದಲಿಸುದು ಯಾರು, ಬಿದ್ದಾಗ ಎತ್ತಿಕೊಳ್ಳುದು ಯಾರು? ಆ ಕೌಂಟರಿನ ಮೇಡಂ ಅಲ್ಲ. ಓನರ್ ಕೂಡ ಅಲ್ಲ. ಆಯಾಗಳು. ಆದ್ರೆ ಬ್ರೋಷರಿನಲ್ಲಿ ಅವರ ಹೆಸರೂ ಇಲ್ಲ, ಫೋಟೋವೂ ಇಲ್ಲ, ನಾವು ಹೋದಾಗ ಅವರನ್ನು ಪರಿಚಯ ಮಾಡಿಸಿದವರೂ ಇಲ್ಲ.

ಆಮೇಲೆ ನಾನು ಹಾಫ್ ಡೇ ಹಾಕಿ ಮಧ್ಯಾಹ್ನವೇ ಹೋಗ್ಲಿಕ್ಕೆ ಶುರು ಮಾಡಿದೆ, ಹೇಳದೆ ಕೇಳದೆ. ಎಷ್ಟು ವ್ಯತ್ಯಾಸ ಅಂತೀರಿ. ಒಂದು ಕಡೆ ಬಾಗಿಲು ತೆರೆಯುವ ಮೊದಲೇ ಒಳಗಿನಿಂದ ಬೈಯುವ ಸ್ವರ ಕೇಳಿತು, ನನ್ನನ್ನು ಕಂಡ ಕೂಡಲೇ ಸ್ವರ ಬದಲಾಯ್ತು, ಅಲ್ಲಿಂದಲೇ ತಿರುಗಿ ಬಂದೆ. ಇನ್ನೊಂದು ಕಡೆ ಇಪ್ಪತ್ತರ ಮೇಲೆ ಮಕ್ಕಳು, ಉಣ್ಣಿಸ್ಲಿಕ್ಕೆ ಒಬ್ಬಳೇ ಹುಡುಗಿ, ಅವಳಿಗೂ ಹತ್ತೊಂಬತ್ತು ಇಪ್ಪತ್ತು ವರ್ಷ ಇರಬಹುದು, ಒಂದು ಸಾಲಿನಲ್ಲಿ ಕೂರಿಸಿ ಒಂದೇ ಚಮಚದಲ್ಲಿ ಬಾಯಿಗೆ ಹಾಕಿಕೊಂಡು ಹೋಗ್ತಾ ಇದ್ದಳು. ಆ ಹುಡುಗಿ ಮೇಲೆ ನನಗೆ ಸಿಟ್ಟು ಬರ್ಲಿಲ್ಲ, ಅಳು ಬಂತು. ಅಷ್ಟು ಮಕ್ಕಳನ್ನು ಒಬ್ಬಳೇ ಮತ್ತೆ ಹೇಗೆ ನೋಡುದು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಖಾಸಗಿ ಪ್ಲೇಸ್ಕೂಲುಗಳಿಗೆ ಮಾಡಿದ ಮಾರ್ಗಸೂಚಿಯಲ್ಲಿ 20 ಮಕ್ಕಳಿಗೆ ಒಬ್ಬರು ಟೀಚರ್, ಜೊತೆಗೆ ಒಬ್ಬರು ಆಯಾ ಅಂತ ಉಂಟು, ಅದು ಕೂಡ ಮೂರು ವರ್ಷ ದಾಟಿದ ಮಕ್ಕಳ ಲೆಕ್ಕ. ಇನ್ನೂ ಡೈಪರ್ ಬಿಡದ ಮಕ್ಕಳಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ಕೈ ಬೇಕು. ಹೋದ ಕಡೆಯೆಲ್ಲ, ಎರಡು ವರ್ಷದ ಒಳಗಿನ ಮಕ್ಕಳು ಎಷ್ಟು, ಅವರನ್ನು ನೋಡುವವರು ಎಷ್ಟು ಅಂತ ಬೇರೆಯಾಗಿ ಕೇಳಿ, ಒಟ್ಟು ಸ್ಟಾಫ್ ಲೆಕ್ಕ ಹೇಳಿದ್ರೆ ಒಪ್ಪಬೇಡಿ, ಅದರಲ್ಲಿ ಡ್ರೈವರು, ಅಕೌಂಟಿನವರು ಎಲ್ಲ ಸೇರಿರ್ತಾರೆ.

ಮತ್ತೆ ನಾನು ಎಲ್ಲ ಕಡೆ ಕೇಳಿದ್ದು ಆಯಾಗಳು ಎಷ್ಟು ವರ್ಷದಿಂದ ಇದ್ದಾರೆ, ಅವರಿಗೆ ಪಿಎಫ್, ಇಎಸ್‌ಐ ಉಂಟಾ ಅಂತ. ಒಬ್ಬ ಓನರ್ ಮುಖ ಗಂಟು ಹಾಕಿ, ಅದು ನಿಮಗೆ ಯಾಕೆ ಮೇಡಂ ಅಂದರು. ನನಗೆ ಬೇಕು. ಸಣ್ಣ ಮಗು ಒಬ್ಬರ ಕೈ ಅಭ್ಯಾಸ ಮಾಡಿಕೊಳ್ಳುದಕ್ಕೇ ವಾರಗಟ್ಟಲೆ ಬೇಕಾಗ್ತದೆ, ಸಂಬಳ ಸಾಲದೆ ಮೂರು ತಿಂಗಳಿಗೊಬ್ಬರು ಬಿಟ್ಟು ಹೋದ್ರೆ ಮಗು ಪ್ರತಿ ಸಲ ಹೊಸಬರ ಹತ್ರ ಅಳ್ಬೇಕು. ಅಂಗಡಿಯಲ್ಲಿ ಸೇಲ್ಸಿಗೆ ನಿಂತ್ರೆ ಇದಕ್ಕಿಂತ ಜಾಸ್ತಿ ಸಿಗ್ತದೆ ಅಂತ ಒಬ್ಬ ಆಯಾ ನನ್ನ ಹತ್ರವೇ ಹೇಳಿದರು, ಮಕ್ಕಳ ಮೇಲಿನ ಆಸೆಗೆ ಬಿಡ್ಲಿಕ್ಕೆ ಮನಸ್ಸು ಬರುದಿಲ್ಲ ಅಂತ ಅದರೊಟ್ಟಿಗೇ ಹೇಳಿದರು. ಅಂಥವರ ಪ್ರೀತಿಯನ್ನು ಪುಕ್ಕಟೆ ತಕೊಂಡು ಗೋಡೆಗೆ ಬಣ್ಣ ಬಳಿಯುದು ನನಗೆ ಸರಿ ಕಾಣುದಿಲ್ಲ. ನಾವು ಕೊಡುವ ಫೀಸಿನಲ್ಲಿ ಮೊದಲ ಪಾಲು ಆ ಕೈಗಳಿಗೆ ಹೋಗ್ಬೇಕು.

ಮಳೆ ವಿಷಯ ಹೇಳ್ಲೇಬೇಕು, ಬೇರೆ ಊರಿನವರಿಗೆ ಇದು ಗೊತ್ತಾಗ್ಲಿಕ್ಕಿಲ್ಲ. ನಮ್ಮಲ್ಲಿ ಜೂನ್ ಜುಲೈಯಲ್ಲಿ ರೆಡ್ ಅಲರ್ಟ್ ಬಂದ್ರೆ ಜಿಲ್ಲಾಧಿಕಾರಿಯವರು ಅಂಗನವಾಡಿಯಿಂದ ಪಿಯುಸಿವರೆಗೆ ರಜೆ ಕೊಡ್ತಾರೆ, ಒಮ್ಮೊಮ್ಮೆ ಹಿಂದಿನ ರಾತ್ರಿ ಗೊತ್ತಾಗ್ತದೆ, ಒಮ್ಮೊಮ್ಮೆ ಬೆಳಿಗ್ಗೆ ತಿಂಡಿ ಆಗುವಾಗ. ಮಕ್ಕಳ ದೃಷ್ಟಿಯಿಂದ ಅದು ಸರಿಯೇ, ತೋಡು ತುಂಬಿ ರೋಡಿಗೆ ಬರುವ ದಿನಗಳು ಅವು. ಆದ್ರೆ ನನ್ನ ಆಫೀಸಿಗೆ ರಜೆ ಇಲ್ಲ, ಇವರ ಫ್ಯಾಕ್ಟರಿಗಂತೂ ಇಲ್ವೇ ಇಲ್ಲ. ಆ ದಿನ ಡೇಕೇರ್ ತೆರೆದಿರ್ತದಾ ಅಂತ ಕೇಳಿದ್ರೆ ಒಬ್ಬೊಬ್ಬರದ್ದು ಒಂದೊಂದು ಉತ್ತರ. ಪ್ಲೇಸ್ಕೂಲ್ ಅಂತ ಬೋರ್ಡ್ ಇರುವವರು ಬಂದ್ ಅಂದರು, ಕೆಲವರು ಆ ದಿನ ನೋಡುವ ಅಂದರು, ನೋಡುವ ಅಂದ್ರೆ ನನಗೆ ಉಪಯೋಗ ಇಲ್ಲ. ಜಿಲ್ಲಾಡಳಿತದ ರಜೆ ಇದ್ದ ದಿನ ಎಂತ ಮಾಡ್ತೀರಿ ಅಂತ ಅಡ್ಮಿಷನ್ನಿಗೆ ಮೊದಲೇ ಕೇಳಿ, ಬರವಣಿಗೆಯಲ್ಲಿ ಕೊಟ್ರೆ ಇನ್ನೂ ಒಳ್ಳೆಯದು.

ಸೊಳ್ಳೆ ಕೂಡ ಹಾಗೆಯೇ. ಮಂಗಳೂರಿಗೆ ಮಲೇರಿಯಾ ಹೊಸತಲ್ಲ, 2019ರ ಡೆಂಗ್ಯೂ ಅಂತೂ ಇಲ್ಲಿ ಯಾರೂ ಮರೆತಿಲ್ಲ. ಡೆಂಗ್ಯೂ ಸೊಳ್ಳೆ ಕಚ್ಚುದು ಹಗಲಿನಲ್ಲಿ, ಮಕ್ಕಳು ಡೇಕೇರಿನಲ್ಲಿ ಮಲಗುದೂ ಹಗಲಿನಲ್ಲೇ. ಕಿಟಕಿಗೆ ಮೆಶ್ ಉಂಟಾ, ಏಸಿಯ ನೀರು ಎಲ್ಲಿ ಬೀಳ್ತದೆ, ಹಿತ್ತಿಲಲ್ಲಿ ಹಳೇ ಟೈರು, ತೆಂಗಿನ ಗೆರಟೆ ಬಿದ್ದಿದೆಯಾ ಅಂತ ನಾನು ಮನೆ ಹಿಂದೆ ಹೋಗಿ ನೋಡಿದ್ದುಂಟು. ಕರೆಂಟ್ ಹೋದ್ರೆ ಫ್ಯಾನಿಗೆ ಇನ್ವರ್ಟರ್ ಉಂಟಾ ಅದನ್ನೂ ಕೇಳಿ, ಏಪ್ರಿಲ್ ಮೇಯ ನಮ್ಮ ಸೆಕೆಯಲ್ಲಿ ಮಕ್ಕಳು ಬೆವರಿ ಮೈಯೆಲ್ಲ ಕೆಂಪಾಗ್ತದೆ.

ಕೊನೆಗೆ ನಮಗೆ ಹಿಡಿಸಿದ್ದು ಬೊಂದೇಲಿನ ಒಳರಸ್ತೆಯ ಒಂದು ಹಂಚಿನ ಮನೆ. ಬಣ್ಣ ಹಳತು, ಜಾರುಬಂಡಿ ಒಂದೇ, ಏಸಿ ಇಲ್ಲ. ನಾನು ಹೋದದ್ದು ಊಟದ ಹೊತ್ತಿಗೆ. ಗೇಟು ತೆರೆದ ಮೇಡಂ ಎಂತ ಬೇಕಿತ್ತು ಅಂತ ಕೇಳಿ, ಬನ್ನಿ ಒಳಗೆ, ಚಪ್ಪಲಿ ಅಲ್ಲಿ ಬಿಡಿ, ಕೈ ತೊಳ್ಕೊಳ್ಳಿ ಅಂದರು, ಅಷ್ಟೇ. ಒಳಗೆ ಚಾಪೆಯಲ್ಲಿ ಮಕ್ಕಳು ಸುತ್ತ ಕೂತಿದ್ದರು, ಮಧ್ಯದಲ್ಲಿ ಇಬ್ಬರು ಅಕ್ಕಂದಿರು. ಕುಚ್ಚಲಕ್ಕಿ ಅನ್ನ, ತೊವ್ವೆ, ಬೀಟ್ರೂಟ್ ಪಲ್ಯ. ಸ್ವಲ್ಪ ದೊಡ್ಡ ಮಕ್ಕಳು ತಾವೇ ಕೈಯಲ್ಲಿ ತಿಂತಾ ಚೆಲ್ತಾ ಇದ್ದರು, ಯಾರೂ ಗದರಿಸ್ಲಿಲ್ಲ. ಒಂದು ಹುಡುಗ ಬಾಯಿ ಮುಚ್ಚಿ ಕೂತಿದ್ದ, ದೊಡ್ಡ ಅಕ್ಕ ಅವನ ಬಾಯಿಗೆ ತುರುಕ್ಲಿಕ್ಕೆ ಹೋಗ್ಲಿಲ್ಲ, ತಟ್ಟೆ ಬದಿಗಿಟ್ಟು ಬೇರೆಯವರಿಗೆ ಉಣ್ಣಿಸಿ ಮತ್ತೆ ಅವನ ಹತ್ರ ಬಂದು ಕೂತರು, ಎರಡನೇ ಸಲ ಅವನು ತಿಂದ. ನನ್ನನ್ನು ಅವರು ತಿರುಗಿಯೂ ನೋಡಿರ್ಲಿಲ್ಲ, ಅಂದ್ರೆ ನನಗೆ ತೋರಿಸ್ಲಿಕ್ಕೆ ಮಾಡಿದ್ದಲ್ಲ. ಆ ದೊಡ್ಡ ಅಕ್ಕ ಅಲ್ಲಿ ಎಂಟು ವರ್ಷದಿಂದ ಇದ್ದಾರಂತೆ. ಮೇಡಂ ಶಾಲೆಯಲ್ಲಿ ಟೀಚರ್ ಆಗಿದ್ದವರು, ಪಿಎಫ್ ಉಂಟಾ ಅಂತ ಕೇಳಿದಾಗ ಬೇಜಾರು ಮಾಡದೆ, ನಮ್ಮದು ಸಣ್ಣದು ಪಿಎಫ್ ಇಲ್ಲ, ಆದ್ರೆ ವರ್ಷಕ್ಕೊಮ್ಮೆ ಸಂಬಳ ಏರಿಸ್ತೇನೆ, ಮಕ್ಕಳ ಬೇಸಿಗೆ ರಜೆಯಲ್ಲಿ ಸಂಬಳ ಕಟ್ ಮಾಡುದಿಲ್ಲ ಅಂತ ನೇರ ಹೇಳಿದರು. ನನಗೆ ಪೂರ್ತಿ ಸಮಾಧಾನ ಆಯ್ತು ಅಂತಲ್ಲ, ಸುಳ್ಳು ಹೇಳ್ಲಿಲ್ಲ ಅನ್ನುದು ದೊಡ್ಡದಾಗಿ ಕಂಡಿತು. ಮಳೆ ರಜೆ ದಿನ ಹತ್ತಿರದ ಅಕ್ಕ ಒಬ್ಬರು ಬರ್ತಾರೆ, ತೀರಾ ಬೇಕಾದವರ ಮಕ್ಕಳನ್ನು ಮಾತ್ರ ನೋಡ್ತೇವೆ, ಹಿಂದಿನ ರಾತ್ರಿ ಒಂಬತ್ತರ ಒಳಗೆ ಮೆಸೇಜ್ ಹಾಕ್ಬೇಕು ಅಂದರು. ಬಾವಿಗೆ ಗ್ರಿಲ್, ಬೀಗ. ಕಿಟಕಿಗೆ ಮೆಶ್ ಎರಡು ಕಡೆ ಹರಿದಿತ್ತು, ನಾನು ಹೇಳಿದೆ, ಮುಂದಿನ ವಾರ ಹೋಗುವಾಗ ಹೊಸತು ಹಾಕಿಸಿದ್ದರು.

ಮನೆಯಲ್ಲಿ ನಾವು ಮಾತಾಡುದು ತುಳು. ಮಗಳಿಗೆ ಆಗ ಬರ್ತಿದ್ದದ್ದು ನೀರ್ ಬೋಡು (ನೀರು ಬೇಕು), ಬಡವಾಪುಂಡು (ಹಸಿವಾಗ್ತದೆ), ಬಲೆ (ಬನ್ನಿ), ಇಷ್ಟೇ. ದೊಡ್ಡ ಪ್ಲೇಸ್ಕೂಲಿನಲ್ಲಿ ಮನೆಯಲ್ಲೂ ಇಂಗ್ಲಿಷ್ ಶುರು ಮಾಡಿ ಅಂದಿದ್ದರು. ಹಸಿವಾಯ್ತು ಅಂತ ಹೇಳ್ಲಿಕ್ಕೆ ಈಗಷ್ಟೇ ಕಲಿತ ಮಗುವಿಗೆ ಅದನ್ನು ಬೇರೆ ಭಾಷೆಯಲ್ಲಿ ಹೇಳು ಅನ್ನುದು ಯಾವ ನ್ಯಾಯ? ಇಲ್ಲಿ ಅಕ್ಕಂದಿರಿಗೆ ತುಳು, ಕನ್ನಡ ಎರಡೂ ಬರ್ತದೆ, ಒಬ್ಬರಿಗೆ ಕೊಂಕಣಿಯೂ. ಬ್ಯಾರಿ ಮಾತಾಡುವ ಮಕ್ಕಳೂ ಇದ್ದರು, ಅವರಿಗೆ ಬೇಕಾದ ನಾಲ್ಕು ಮಾತು ಅಕ್ಕ ಕಲಿತಿಟ್ಟಿದ್ದಾರೆ.

ಇವರ ಹೆದರಿಕೆ ಒಂದಿತ್ತು, ಇಲ್ಲಿ ಹಾಕಿದ್ರೆ ಮಗು ಕಲಿಕೆಯಲ್ಲಿ ಹಿಂದೆ ಬೀಳ್ತದಾ ಅಂತ. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ 6 ವರ್ಷ ತುಂಬಿರ್ಬೇಕು ಅಂತ ರಾಜ್ಯದ ನಿಯಮ, 2025-26ಕ್ಕೆ ಮಾತ್ರ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದು. ನಮ್ಮವಳದ್ದು ಜುಲೈ, 2029ರ ಜೂನ್ 1ಕ್ಕೆ 6 ತುಂಬುದಿಲ್ಲ, ಅಂದ್ರೆ ಅವಳು ಒಂದನೇ ಕ್ಲಾಸಿಗೆ ಹೋಗುದು 2030ಕ್ಕೆ, ಎಲ್‌ಕೆಜಿ 2028ಕ್ಕೆ. ಆಗ ನಮ್ಮೆದುರು ಇದ್ದದ್ದು 2025. ಮೂರು ವರ್ಷ ಕೈಯಲ್ಲಿರುವಾಗ ಪ್ರಿ-ನರ್ಸರಿ ಸಿಲಬಸ್ ಯಾಕೆ, ಈಗಲೇ ಸೀಟು ಹಿಡಿಯದಿದ್ರೆ ಸಿಗುದಿಲ್ಲ ಅಂತ ನಮ್ಮನ್ನು ಹೆದರಿಸುವ ಅಗತ್ಯ ಆದ್ರೂ ಎಂತ ಇತ್ತು? ನಿಮ್ಮ ಮಗುವಿನ ಹುಟ್ಟಿದ ದಿನ ಹಿಡಿದು ಈ ಲೆಕ್ಕ ಮನೆಯಲ್ಲೇ ಹಾಕಿಕೊಂಡು ಹೋಗಿ, ಕೌಂಟರಿನಲ್ಲಿ ಅರ್ಧ ಗಡಿಬಿಡಿ ಕಡಿಮೆ ಆಗ್ತದೆ.

ಫೀಸು ನಾವು ನೋಡಿದ ಕಡೆಗಳಲ್ಲಿ ತಿಂಗಳಿಗೆ 5,000ದ ಆಸುಪಾಸಿನಿಂದ ಶುರುವಾಗಿ ಅದರ ಎರಡು ಪಟ್ಟಿನವರೆಗೂ ಇತ್ತು, ಅಡ್ಮಿಷನ್ ಬೇರೆ, ಊಟ ಬೇರೆ, ಲೇಟಾದ್ರೆ ಗಂಟೆ ಲೆಕ್ಕ ಬೇರೆ. ನಡುವೆ ಬಿಟ್ರೆ ಎಷ್ಟು ವಾಪಸ್ ಕೊಡ್ತಾರೆ ಅಂತ ಕೇಳಿ ಇಟ್ಟುಕೊಳ್ಳಿ. ತಾಯಿ ಕಾರ್ಡಿನ ಕಾಪಿ, ಬರ್ತ್ ಸರ್ಟಿಫಿಕೇಟ್, ಕರ್ಕೊಂಡು ಹೋಗ್ಲಿಕ್ಕೆ ಬರುವವರ ಫೋಟೋ ತಕೊಂಡರು. ಫೋಟೋದಲ್ಲಿ ಇಲ್ಲದವರು ಬಂದ್ರೆ ಮಗುವನ್ನು ಕೊಡುದಿಲ್ಲ, ನಮ್ಮ ಭಾವನನ್ನೇ ಒಂದು ದಿನ ಗೇಟಿನಲ್ಲಿ ನಿಲ್ಲಿಸಿ ನನಗೆ ಫೋನ್ ಮಾಡಿದ್ದರು, ಭಾವನಿಗೆ ಸ್ವಲ್ಪ ಸಿಟ್ಟು ಬಂತು, ನನಗೆ ಭಾರಿ ಖುಷಿ ಆಯ್ತು.

ಶುರುವಿನ ದಿನಗಳು ಕಷ್ಟದ್ದೇ. ಮೊದಲು ಒಂದು ಗಂಟೆ, ಆಮೇಲೆ ಊಟದವರೆಗೆ, ಆಮೇಲೆ ಮಲಗಿ ಏಳುವವರೆಗೆ, ಹಾಗೆ ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡಿದ್ದು, ಅದು ಮೇಡಂ ಹೇಳಿದ ಕ್ರಮ. ನಾನು ಹೊರಡುವಾಗ ಕದ್ದು ಹೋಗಬಾರದು, ಹೇಳಿಯೇ ಹೋಗ್ಬೇಕು, ಅಳ್ತಾಳೆ, ಅಳ್ಲಿ ಅಂದರು. ಗೇಟಿನ ಹೊರಗೆ ನಿಂತು ಕೇಳ್ತಿದ್ದೆ, ದೊಡ್ಡ ಅಕ್ಕ, ಬುಲ್ಪೊಡ್ಚಿ ಮಗಾ, ಅಮ್ಮ ಬರ್ಪೆರ್ (ಅಳ್ಬೇಡ ಮಗಾ, ಅಮ್ಮ ಬರ್ತಾರೆ) ಅಂತ ಹೇಳ್ತಾ ಇಡೀ ಅಂಗಳ ಸುತ್ತಿಸ್ತಿದ್ದರು. ಮಳೆಗಾಲದಲ್ಲಿ ಶೀತ, ಕೆಮ್ಮು, ಮತ್ತೆ ಕೈ ಕಾಲು ಬಾಯಿಯಲ್ಲೆಲ್ಲ ಗುಳ್ಳೆ ಬರುವ ಜ್ವರ, ಒಂದರ ಹಿಂದೆ ಒಂದು. ಗುಳ್ಳೆ ಕಂಡ ಮಕ್ಕಳನ್ನು ಪೂರ್ತಿ ಗುಣ ಆಗುವವರೆಗೆ ಅವರು ಸೇರಿಸ್ಲಿಲ್ಲ, ನಮ್ಮವಳನ್ನೂ. ನನ್ನ ಲೀವ್ ಎಲ್ಲ ಹೋಯ್ತು, ಆದ್ರೂ ಅದು ಸರಿಯಾದ ನಿಯಮ, ಆ ನಿಯಮ ಇಲ್ಲದ ಕಡೆ ಒಂದು ಮಗುವಿಗೆ ಬಂದದ್ದು ಎಲ್ಲರಿಗೂ ಬರ್ತದೆ. ಮೊದಲ ಮಳೆಗಾಲಕ್ಕೆ ಲೀವ್ ಉಳಿಸಿ ಇಟ್ಟುಕೊಳ್ಳಿ ಅಂತ ನಾನು ಈಗ ಎಲ್ಲ ಹೊಸ ತಾಯಂದಿರ ಹತ್ರ ಹೇಳ್ತೇನೆ, ಲೀವ್ ಅಮ್ಮನದ್ದು ಮಾತ್ರ ಅಲ್ಲ, ಅಪ್ಪನದ್ದೂ.

ಈಗ ನಮ್ಮಿಬ್ಬರಲ್ಲಿ ಮಾತು ಇರುದು ಮುಂದಿನದ್ದರ ಬಗ್ಗೆ. ಮೂರು ವರ್ಷ ತುಂಬಿದ ಮೇಲೆ ದೊಡ್ಡ ಶಾಲೆಯವರದ್ದೇ ನರ್ಸರಿಗೆ ಹಾಕುವ, ಎಲ್‌ಕೆಜಿ ಸೀಟಿಗೆ ಸುಲಭ ಆಗ್ತದೆ ಅಂತ ಇವರು. ಇನ್ನೊಂದು ವರ್ಷ ಅಕ್ಕಂದಿರ ಹತ್ರವೇ ಇರ್ಲಿ, ಬೇಕಾದ್ರೆ ಬೆಳಿಗ್ಗೆ ಸ್ವಲ್ಪ ಹೊತ್ತು ಮನೆ ಹತ್ರದ ಅಂಗನವಾಡಿಗೂ ಕಳಿಸುವ ಅಂತ ನಾನು. ಡಿಸೆಂಬರಿಗೆ ಶಾಲೆಗಳ ಫಾರ್ಮ್ ಬರ್ತದೆ, ಅಷ್ಟರೊಳಗೆ ಆ ನರ್ಸರಿಗೂ ಒಂದು ಮಧ್ಯಾಹ್ನ ಹೋಗಿ ನೋಡಿ ಬರುವ ಅಂತ ಹೇಳಿದ್ದೇನೆ, ಈ ಸಲ ಇವರೂ ಹಾಫ್ ಡೇ ಹಾಕ್ತಾರಂತೆ.